ಆರು ವಾರದ ಗಿಟಾರ್

ಮಾರ್ಚ್ ೪, ಮಂಗಳವಾರ

ಬಾಯಿದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಅಂತ ಅಮ್ಮ ಹೇಳುತ್ತಿದ್ದಳು. ಬಾಯಿಗೇ ಬರಗಾಲ ಬಂದರೆ ಏನು ಮಾಡಬೇಕು ಅಂತ ಹೇಳಿಕೊಡಲಿಲ್ಲ.

ನಿನ್ನೆ ಗಂಟಲಿನ ಆಪರೇಷನ್ ಆಯಿತು. ಎರಡನೇ ಸಲ. ಮೊದಲ ಸಲ ಎರಡು ವಾರ ಸುಮ್ಮನಿರಿ ಅಂದಿದ್ದರು. ನಾಲ್ಕನೇ ದಿನಕ್ಕೇ ನನ್ನ ಅಂಗಡಿಗೆ ಝಿಪ್ಪು ತರುವ ಏಜೆಂಟನ ಜೊತೆ ವಾದಕ್ಕೆ ಇಳಿದೆ. ವಾದ ಗೆದ್ದೆ, ಗಂಟಲು ಸೋತೆ. ಈ ಸಲ ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು: "ಆರು ವಾರ. ಪಿಸುಮಾತೂ ಇಲ್ಲ. ಈಗ ಮಾತಾಡಿದ್ರೆ ಆಮೇಲೆ ಮಾತಾಡೋಕೆ ದನೀನೇ ಇರಲ್ಲಮ್ಮ." ಪಕ್ಕದ ಕುರ್ಚಿಯಲ್ಲಿ ನಮ್ಮವರಿದ್ದರು. ಅವರ ಮುಖದಲ್ಲಿ ಕಂಡದ್ದು ಗಾಬರಿಯೋ ನೆಮ್ಮದಿಯೋ, ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದ ನಾನೇ ಹೇಳಲಾರೆ.

ಹಾಗಾಗಿ ಈ ಪುಸ್ತಕ. ಅಂಗಡಿಯ ಹಳೆಯ ಸ್ಟಾಕ್ ಬುಕ್ಕು, ಹಿಂದಿನ ಅರ್ಧ ಖಾಲಿಯಿತ್ತು. ಮುಂದಿನ ಅರ್ಧದಲ್ಲಿ ಗುಂಡಿ, ದಾರ, ಲೇಸು. ಹಿಂದಿನ ಅರ್ಧದಲ್ಲಿ ನಾನು.

ಏಪ್ರಿಲ್ ಹದಿನಾಲ್ಕಕ್ಕೆ ಬಿಡುಗಡೆ.

ಮಾರ್ಚ್ ೬, ಗುರುವಾರ

ಅಂಗಡಿ ತೆರೆದೆ. ರಟ್ಟಿನ ಮೇಲೆ ನಾಲ್ಕು ಚೀಟಿ ಬರೆದಿಟ್ಟುಕೊಂಡಿದ್ದೇನೆ: "ಇದೆ." "ಇಲ್ಲ." "ನಾಳೆ ಬರುತ್ತೆ." "ಕಡಿಮೆ ಆಗಲ್ಲ."

ಇಪ್ಪತ್ತೊಂದನೇ ವಯಸ್ಸಿನಲ್ಲಿ ಫುಟ್‌ಪಾತಿನ ಮೇಲೆ ಒಂದೇ ತಟ್ಟೆ ಗುಂಡಿ ಇಟ್ಟುಕೊಂಡು ಕೂತವಳು ನಾನು. ಮೂರು ಬಾಗಿಲಿನ ಈ ಅಂಗಡಿ ನಾಲಿಗೆಯ ಸಂಪಾದನೆ. ಆ ನಾಲಿಗೆಗೆ ಬೀಗ ಬಿದ್ದ ಮೇಲೆ ವ್ಯಾಪಾರ ಬಿದ್ದುಹೋಗುತ್ತದೆ ಅಂದುಕೊಂಡಿದ್ದೆ. ಬೀಳಲಿಲ್ಲ. ಕೋಟಿನ ಗುಂಡಿಗೆ ಬಂದ ಟೈಲರೊಬ್ಬ ಚೌಕಾಸಿ ಶುರು ಮಾಡಿದ. ನಾನು ಸುಮ್ಮನೆ ಅವನ ಮುಖ ನೋಡಿದೆ. ಅವನೇ ಒಂದು ಬೆಲೆ ಹೇಳಿದ, ಅವನೇ ನಾಚಿಕೊಂಡ, ಅವನೇ ಏರಿಸಿದ. ಚೀಟಿ ಎತ್ತುವ ಕೆಲಸವೂ ಬರಲಿಲ್ಲ. ಇಷ್ಟು ವರ್ಷ ಯಾಕೆ ಗಂಟಲು ಹರಿದುಕೊಂಡೆನೋ.

ಸಂಜೆ ಅಕ್ಕ ಬಂದಳು. ನನಗಿಂತ ಆರು ವರ್ಷ ದೊಡ್ಡವಳು, ನನಗಿಂತ ಎರಡು ಪಟ್ಟು ಕುತೂಹಲದವಳು. ಕುರ್ಚಿ ಎಳೆದು ನನ್ನೆದುರೇ ಕೂತು, "ಐವತ್ತು ವರ್ಷ ಕಾದಿದ್ದೆ ಕಣೇ ಮಾತಿನಮಲ್ಲಿ, ಇವತ್ತು ನನ್ನ ಸರದಿ" ಅಂದಳು. ಎರಡು ಗಂಟೆ ಮಾತಾಡಿದಳು. ಸುಖವಾಗಿ ಎದ್ದು ಹೋದಳು.

ಮಾರ್ಚ್ ೯, ಭಾನುವಾರ

ಇವತ್ತು ನಮ್ಮವರು ಆಡಿದ ಮಾತುಗಳನ್ನು ಲೆಕ್ಕ ಹಾಕಿದೆ. ಹನ್ನೊಂದು. ಅದರಲ್ಲಿ ನಾಲ್ಕು ಬೆಕ್ಕಿಗೆ.

ಮೂವತ್ತು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿದ ಮನುಷ್ಯ. ಮೀಟರಿನ ಹಾಗೆ ಒಳಗೇ ತಿರುಗುತ್ತಿರುತ್ತಾರೆ, ಹೊರಗೆ ಬರೀ ಅಂಕಿ ಕಾಣಿಸುತ್ತದೆ. ಮೊದಲಾದರೆ ಬೆಳಗ್ಗೆ ಆರಕ್ಕೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಗಿಟಾರ್ ನುಡಿಸುತ್ತಿದ್ದರು. ಮದುವೆಯಾದಾಗಿನಿಂದ ಒಂದು ದಿನ ತಪ್ಪಿಸಿದವರಲ್ಲ. ನಾನು ಒಲೆಯ ಮುಂದೆ ನಿಂತು ಆ ದಿನದ ಅಂಗಡಿಯ ಕೆಲಸವೆಲ್ಲ ಒಪ್ಪಿಸುತ್ತಿದ್ದೆ. ಏಳು ತಿಂಗಳ ಹಿಂದೆ ಬಲಭುಜ ಬಿಗಿದುಕೊಂಡಿತು. ಅವರದು ದೊಡ್ಡ ಹೊಟ್ಟೆಯ ಗಿಟಾರ್. ತೋಳು ಎತ್ತಿ ಆ ಹೊಟ್ಟೆಯ ಮೇಲಿಂದ ಆಚೆ ಚಾಚಿದರೆ ಪ್ರಾಣ ಹೋಗುತ್ತದೆ. ಗೋಡೆಗೆ ನೇತುಹಾಕಿದರು. ಅಂದಿನಿಂದ ಅದರ ಬಗ್ಗೆ ಒಂದು ಮಾತಿಲ್ಲ.

ಆಗ ನನಗೆ ಅಷ್ಟು ಗೊತ್ತಾಗಲಿಲ್ಲ. ಇವತ್ತು ಗೊತ್ತಾಯಿತು. ಅಡುಗೆಮನೆಯಲ್ಲಿ ಇಬ್ಬರೂ ಕಾಫಿ ಕುಡಿದೆವು. ಲೋಟ ಮೇಜಿಗೆ ಇಟ್ಟ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಒಂದು ಮನೆಗೆ ಒಬ್ಬರು ಮೂಕರಾದರೆ ಸಾಕು. ಇಬ್ಬರು ದುಂದುವೆಚ್ಚ.

ಸಣ್ಣ ಮೈಯ ಗಿಟಾರ್‌ಗಳೂ ಇರುತ್ತವಂತೆ. ತೋಳು ಎತ್ತಬೇಕಾಗಿಲ್ಲ, ಮಡಿಲಲ್ಲಿ ಮಗುವಿನ ಹಾಗೆ ಕೂರುತ್ತವಂತೆ. ಒಂದು ತಂದೇಬಿಡುತ್ತೇನೆ.

ಮಾರ್ಚ್ ೧೧, ಮಂಗಳವಾರ

ಅಳತೆಯಿಲ್ಲದೆ ಖರೀದಿ ಮಾಡಿದವಳಲ್ಲ ನಾನು. ಟೇಪು ಹಿಡಿದು ಹೋಗಿ ನಮ್ಮವರನ್ನು ಸ್ಟೂಲಿನ ಮೇಲೆ ಕೂರಿಸಿದೆ. ಪಕ್ಕೆಯಿಂದ ಮೊಣಕೈ, ಮೊಣಕೈಯಿಂದ ಮಣಿಕಟ್ಟು, ಬೆರಳಿನ ದಪ್ಪ, ಭುಜ ನೋಯದೆ ಎಲ್ಲಿಯವರೆಗೆ ಏಳುತ್ತದೆ, ಎಲ್ಲ ಬರೆದುಕೊಂಡೆ.

"ಅಂಗಿಯಾ?" ಅಂದರು.

ತಲೆಯಾಡಿಸಿದೆ.

"ಬೆರಳಿಗೂ ಹೊಲಿಸ್ತೀಯಾ?"

ಸುಳ್ಳು ಹೇಳಲು ಬಾಯಿ ಎಷ್ಟು ಅನುಕೂಲದ್ದು ಅಂತ ಅದು ಇಲ್ಲದಾಗ ತಿಳಿಯುತ್ತದೆ.

ಮಾರ್ಚ್ ೧೪, ಶುಕ್ರವಾರ

ಗೆದ್ದೆ!

ದೊಡ್ಡ ರಸ್ತೆಯ ಸಂಗೀತದ ಅಂಗಡಿಗೆ ಹೋದೆ. ಗಾಜಿನ ಬಾಗಿಲು, ಒಳಗೆ ಟೈ ಕಟ್ಟಿದ ಸೇಲ್ಸ್‌ಮನ್. "ಸಣ್ಣ ಮೈಯದು, ಒಳ್ಳೆಯದು" ಅಂತ ಬರೆದು ತೋರಿಸಿದೆ. ಏಳು ಗಿಟಾರ್ ತಂದು ಸಾಲಾಗಿ ನಿಲ್ಲಿಸಿದ. ಒಂದೊಂದನ್ನೂ ತಂತಿ ಮೀಟಿ ತೋರಿಸಿದ. ನನಗೆ ಎಲ್ಲ ಒಂದೇ ಥರ ಕೇಳಿಸಿದವು. ಆದರೆ ಕಣ್ಣು ಒಂದರ ಮೇಲೆ ನಿಂತಿತು. ಕೆಂಪು ಮೆರುಗು, ಅಂಚಿನ ಸುತ್ತಲೂ ಹೊಳೆಯುವ ಚಿಪ್ಪಿನ ಕೆತ್ತನೆ, ಕತ್ತಿನ ಮೇಲೆ ಚಿಪ್ಪಿನ ಬಳ್ಳಿ.

"ಅದು ಪ್ಲಾಸ್ಟಿಕ್ ಮೇಡಂ, ಡಿಸೈನ್ ಅಷ್ಟೇ" ಅಂದ.

ಗುಂಡಿ ಮಾರುವವಳಿಗೆ ಚಿಪ್ಪು ಯಾವುದು, ಪ್ಲಾಸ್ಟಿಕ್ ಯಾವುದು ಅಂತ ಇವನು ಹೇಳಿಕೊಡುತ್ತಾನೆ! ಬಗ್ಗಿ ಕೆನ್ನೆಗೆ ಒತ್ತಿಕೊಂಡೆ. ತಣ್ಣಗೆ. ಪ್ಲಾಸ್ಟಿಕ್ ಯಾವತ್ತೂ ಹೀಗೆ ತಣ್ಣಗಿರಲ್ಲ. ಅಪ್ಪಟ ಮುತ್ತಿನ ಚಿಪ್ಪು, ಅಂಗಡಿಯವನಿಗೇ ಗೊತ್ತಿಲ್ಲ. ಸೇಲ್ಸ್‌ಮನ್ ಗಾಬರಿಯಿಂದ ನೋಡುತ್ತಿದ್ದ, ಗಿಟಾರಿಗೆ ಮುತ್ತು ಕೊಡುವ ಗಿರಾಕಿಯನ್ನು ಅವನು ಕಂಡಿರಲಿಕ್ಕಿಲ್ಲ. ಪ್ಲಾಸ್ಟಿಕ್ಕಿನ ಬೆಲೆಗೆ ಚಿಪ್ಪು ತಂದೆ. ದಾರಿಯುದ್ದಕ್ಕೂ ನಗು ತಡೆಯಲಾಗಲಿಲ್ಲ. ಸದ್ದಿಲ್ಲದ ನಗುವಿಗೆ ಡಾಕ್ಟರ ಅಡ್ಡಿಯಿಲ್ಲ.

ಮಾರ್ಚ್ ೧೫, ಶನಿವಾರ

ನಮ್ಮವರು ಪೆಟ್ಟಿಗೆ ತೆರೆದರು. ತುಂಬಾ ಹೊತ್ತು ನೋಡಿದರು. ತೊಡೆಯ ಮೇಲೆ ಇಟ್ಟುಕೊಂಡರು. ಭುಜ ನೋಯಲಿಲ್ಲ, ಅದನ್ನು ನಾನೇ ಕಣ್ಣಾರೆ ಕಂಡೆ. ಎರಡು ನಿಮಿಷ ನುಡಿಸಿದರು.

"ಚೆನ್ನಾಗಿದೆ" ಅಂದರು. ಗೋಡೆಗೆ ನೇತುಹಾಕಿದರು, ಹಳೆಯದರ ಪಕ್ಕ.

ಆ "ಚೆನ್ನಾಗಿದೆ" ನನಗೆ ಗೊತ್ತು. ಇಡೀ ಅಂಗಡಿ ಕೆಳಗಿಳಿಸಿ ನೋಡಿ, "ಚೆನ್ನಾಗಿದೆ, ಬರ್ತೀವಿ" ಅಂದು ಹೋದ ಗಿರಾಕಿ ಯಾವತ್ತಾದರೂ ಬಂದದ್ದುಂಟಾ?

ಮಾರ್ಚ್ ೧೭, ಸೋಮವಾರ

ಗಿಟಾರ್ ವಾಪಸ್ ಕೊಡಲು ಹೋದೆ. "ಸೋಲ್ಡ್ ಅಂದ್ರೆ ಸೋಲ್ಡ್ ಮೇಡಂ" ಅಂತ ಸೇಲ್ಸ್‌ಮನ್ ಗೋಡೆಯ ಬೋರ್ಡು ತೋರಿಸಿದ. ನಾನು ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟು, ಮುಂದೆ ಸ್ಟೂಲು ಹಾಕಿಕೊಂಡು ಕೂತೆ. ಅವನು ಕಾನೂನು ಹೇಳಿದ. ಕೂತೆ. ಮ್ಯಾನೇಜರಿಗೆ ಫೋನ್ ಮಾಡಿದ. ಕೂತೆ. ಗಿರಾಕಿಗಳು ಬಂದು, ನನ್ನನ್ನೂ ಅವನನ್ನೂ ನೋಡಿ, ಏನೋ ಸಾವಾಗಿದೆ ಅಂದುಕೊಂಡು ದನಿ ತಗ್ಗಿಸಿ ಹೊರಟರು. ಐವತ್ತು ನಿಮಿಷಕ್ಕೆ ಅವನ ಟೈ ಸಡಿಲವಾಯಿತು.

"ಆಯ್ತಮ್ಮ, ನಿಮ್ಮ ದುಡ್ಡು ತಗೊಳ್ಳಿ" ಅಂದ. ಎದ್ದು ಹೊರಡುವಾಗ ಪಾಪ, ತಾನೇ ಬಾಗಿಲವರೆಗೆ ಬಂದು ಹೇಳಿದ: "ನಿಮಗೆ ಬೇಕಾಗಿರೋದು ನಮ್ಮಲ್ಲಿ ಸಿಗಲ್ಲ. ಹಿಂದಿನ ಬೀದೀಲಿ ಅಂಟಿನಮ್ಮ ಅಂತ ಇದ್ದಾರೆ, ರಿಪೇರಿ ಮಾಡ್ತಾರೆ, ಒಂದೊಂದು ತಾವೇ ಕಟ್ಟಿಯೂ ಮಾರ್ತಾರೆ. ಅಲ್ಲಿಗೆ ಹೋಗಿ. ಆದ್ರೆ ಅಲ್ಲೂ ಹೀಗೆ ಕೂರಬೇಡಿ."

ಮಾರ್ಚ್ ೨೦, ಗುರುವಾರ

ಅಂಟಿನಮ್ಮನ ಕೋಣೆ ನಮ್ಮ ಗೋಡೌನಿಗಿಂತ ಚಿಕ್ಕದು. ಗೋಡೆಯ ತುಂಬ ಹಿಡಿಕೆ, ಕ್ಲಿಪ್ಪು, ಮರದ ತುಂಡು. ನೆಲದ ಮೇಲೆ ಸುರುಳಿ ಸುರುಳಿಯಾಗಿ ಹೆರೆದ ಮರದ ಸಿಪ್ಪೆ. ನಲವತ್ತೈದರ ಆಸುಪಾಸಿನ ಹೆಂಗಸು, ಹತ್ತೂ ಬೆರಳಿಗೆ ಒಣಗಿದ ಅಂಟು. ನಾನು ಬರೆದ ಚೀಟಿ ಓದಿದಳು. ಚಿಪ್ಪಿನ ಗಿಟಾರಿನ ಕಥೆಯನ್ನೂ ಬರೆದು ತೋರಿಸಿದೆ. ನಕ್ಕಳು.

"ಚಿಪ್ಪು ಅಸಲಿನೇ ಇರಬಹುದಮ್ಮ. ಆದ್ರೆ ನುಡಿಯೋದು ಚಿಪ್ಪಲ್ಲವಲ್ಲ. ಮರ."

ಒಂದು ಗಿಟಾರ್ ಕೊಟ್ಟು, ನಡುವಿನ ತೂತಿನ ಅಂಚು ನೋಡಲು ಹೇಳಿದಳು. ಮೇಲಿನ ಗೆರೆಗಳು ಅಂಚು ದಾಟಿ ಒಳಗೂ ಇಳಿದರೆ ಅದು ಇಡೀ ಹಲಗೆ. ಪದರ ಪದರವಾಗಿ ಕಂಡರೆ ಪ್ಲೈವುಡ್ಡು. ಅಷ್ಟು ಸಾಕು, ನನಗೆ ಅರ್ಥವಾಯಿತು. ಕೊಂಬಿನ ಗುಂಡಿ ಮುರಿದರೆ ಒಳಗೂ ಕೊಂಬೇ. ಬಣ್ಣ ಹೊಡೆದ ಗುಂಡಿ ಮುರಿದರೆ ಮಾನ ಹೋಗುತ್ತದೆ. ನಾನು ತಂದಿದ್ದ ಕೆಂಪುಸುಂದರಿಯ ಅಂಚಿನಲ್ಲಿ ಪದರ ಕಂಡದ್ದು ಈಗ ನೆನಪಾಯಿತು, ಪ್ಲೈವುಡ್ಡು. ಅದರ ಮೇಲೆ ಬೆರಳು ದಪ್ಪ ಮೆರುಗೆಣ್ಣೆ.

"ದೊಡ್ಡದನ್ನ ಕುಗ್ಗಿಸಿದ್ರೆ ಸಣ್ಣದಾಗಲ್ಲ" ಅಂದಳು ಅಂಟಿನಮ್ಮ. "ಸಣ್ಣದಕ್ಕೆ ಹಲಗೆ ತೆಳ್ಳಗಿರಬೇಕು, ಮೈ ಹಗುರ ಇರಬೇಕು. ಹೊಡೆದು ನುಡಿಸೋದಲ್ಲ ಇದು, ಮುಟ್ಟಿದ್ರೆ ನುಡೀಬೇಕು."

ಆಮೇಲೆ ನನ್ನನ್ನು ಗೋಡೆಯ ಕಡೆ ತಿರುಗಿ ಕೂರಲು ಹೇಳಿದಳು. ಬೆನ್ನ ಹಿಂದೆ ಮೂರು ಗಿಟಾರ್. ಒಂದೊಂದರಲ್ಲೂ ಅದೇ ನಾಲ್ಕು ಸ್ವರ ನುಡಿಸಿದಳು.

ನಾನು ಕೈಸನ್ನೆಯಲ್ಲಿ ಕೇಳಿದೆ: ವ್ಯತ್ಯಾಸ ಏನು?

"ಶುರು ಕೇಳಬೇಡಿ. ಶುರು ಎಲ್ಲ ಗಿಟಾರೂ ಚೆನ್ನಾಗೇ ಮಾಡುತ್ತೆ. ಹೇಗೆ ಮುಗಿಸುತ್ತೆ ಅಂತ ಕೇಳಿ."

ಅರ್ಧ ಗಂಟೆ ಕೂತೆ. ಏನೂ ತಿಳಿಯಲಿಲ್ಲ. "ಭಾನುವಾರ ಬನ್ನಿ" ಅಂದಳು.

ಮಾರ್ಚ್ ೨೩, ಭಾನುವಾರ

ಮತ್ತೆ ಗೋಡೆ. ಮತ್ತೆ ನಾಲ್ಕು ಸ್ವರ.

ಮೊದಲನೆಯದು ಗಾಜಿನ ಲೋಟದ ಹಾಗೆ ಟಣ್ ಅಂದು ಥಟ್ಟನೆ ನಿಲ್ಲುತ್ತದೆ. ಎರಡನೆಯದು ಬಹಳ ಹೊತ್ತು ಇರುತ್ತದೆ, ಹೊರಡುತ್ತೇನೆ ಅಂತ ಬಾಗಿಲಲ್ಲಿ ನಿಂತು ಅರ್ಧ ಗಂಟೆ ಮಾತಾಡುವ ನೆಂಟರ ಹಾಗೆ. ಮೂರನೆಯದು... ಅದನ್ನು ಎಂಟು ಸಲ ನುಡಿಸಿಸಿದೆ. ಸ್ವರ ಸಣ್ಣಗಾಗುತ್ತ ಆಗುತ್ತ ಹೋಗುತ್ತದೆ, ಮುಗಿಯಿತು ಅಂದುಕೊಂಡರೆ ಇನ್ನೂ ಇರುತ್ತದೆ, ಎಲ್ಲಿ ಮುಗಿಯಿತು ಅಂತ ಹೇಳಲಾಗುವುದಿಲ್ಲ. ನಾನು ಉಸಿರು ಹಿಡಿದುಕೊಂಡಿದ್ದೆ ಅಂತ ಅಂಟಿನಮ್ಮ ಹೇಳಿದ ಮೇಲೆ ಗೊತ್ತಾಯಿತು.

ತಿರುಗಿ ನೋಡಿದರೆ ಮೂರರಲ್ಲಿ ಕುರೂಪಿ ಅದೇ! ಕಂದು ಬಣ್ಣ, ಹೂವಿಲ್ಲ ಬಳ್ಳಿಯಿಲ್ಲ, ಪಕ್ಕೆಯಲ್ಲಿ ಒಂದು ಹಳೆಯ ಬಿರುಕು ಅಂಟಿಸಿದ ಗುರುತು. ಕೆನ್ನೆಗೆ ಒತ್ತಿಕೊಳ್ಳಲು ಏನೂ ಇರಲಿಲ್ಲ.

ಅಳತೆ ಪಟ್ಟಿ ತೆಗೆದೆ. ಅಂಟಿನಮ್ಮ ಕತ್ತಿನ ಅಗಲ ನೋಡಿದಳು. "ಬೆರಳು ದಪ್ಪ ಅಲ್ವಾ, ತಂತಿಗಳ ಮಧ್ಯೆ ಜಾಗ ಬೇಕು. ಇದಕ್ಕಿದೆ. ತಂತಿ ಇನ್ನೂ ಸ್ವಲ್ಪ ಕೆಳಗೆ ಇಳಿಸ್ತೀನಿ, ಒತ್ತೋಕೆ ಸುಲಭ." ಕತ್ತಿನ ಪಕ್ಕದಲ್ಲಿ ಬೆರಳಿಡುವ ಜಾಗ ಗುರುತಿಸುವ ಚುಕ್ಕೆಯೊಂದು ಬಿದ್ದುಹೋಗಿತ್ತು. ನಾನು ಕೈಚೀಲದಿಂದ ಚಿಪ್ಪಿನ ಗುಂಡಿಯೊಂದನ್ನು ತೆಗೆದು ಮುಂದಿಟ್ಟೆ. ಅವಳು ನಗುತ್ತ ಅದರಿಂದ ಸಾಸಿವೆಯಷ್ಟು ಚೂರು ಕೊರೆದು ಅಲ್ಲಿ ಕೂರಿಸಿದಳು.

ನಾನು ಚೌಕಾಸಿ ಮಾಡಲಿಲ್ಲ. ಬಾಯಿಲ್ಲದ್ದಕ್ಕೆ, ಅಷ್ಟೇ.

ಮಾರ್ಚ್ ೨೭, ಗುರುವಾರ

ಬೆಳಗ್ಗೆ ಆರಕ್ಕೆ ಗಿಟಾರನ್ನು ಸ್ಟೂಲಿನ ಮೇಲಿಟ್ಟು ನಾನು ಒಲೆಯ ಕಡೆ ತಿರುಗಿ ನಿಂತೆ. ನಮ್ಮವರು ಬಂದರು. ಚಪ್ಪಲಿ ಸದ್ದು ನಿಂತಿತು. ಎತ್ತಿಕೊಂಡದ್ದು, ಕೂತದ್ದು, ಒಂದು ತಂತಿ ಮುಟ್ಟಿದ್ದು, ಎಲ್ಲ ಬೆನ್ನಿಗೇ ಗೊತ್ತಾಯಿತು. ಆ ಸ್ವರ ಮುಗಿಯುವವರೆಗೂ ಎರಡನೆಯದು ಮುಟ್ಟಲಿಲ್ಲ ಮಹಾರಾಯರು. ಆಮೇಲೆ ನಲವತ್ತು ನಿಮಿಷ! ಹಾಲು ಉಕ್ಕಿ ಒಲೆಯೆಲ್ಲ ರಾಡಿ. ಉಕ್ಕಲಿ.

ಏಳು ತಿಂಗಳ ಮೇಲೆ ಆ ಮುಖ ನೋಡಿದೆ. ಹುಡುಗರು ಸೈಕಲ್ ಕಲಿತಾಗ ಹೀಗಿರುತ್ತದೆ.

"ಎಲ್ಲಿತ್ತೇ ಇದು?" ಅಂದರು. "ಭುಜಕ್ಕೆ ಗೊತ್ತೇ ಆಗಲ್ಲ." ಆಮೇಲೆ ಅದರ ಬೆನ್ನು ಸವರುತ್ತ, "ಆದ್ರೆ ಇದು ಆರು ವಾರದ ಗಿಟಾರ್ ಕಣೇ. ಅದ್ರಲ್ಲೂ ಮೂರೂವರೆ ವಾರ ಆಗ್ಲೇ ಹೋಯ್ತು."

ಸ್ಲೇಟಿನಲ್ಲಿ ಬರೆದೆ: ಅಂದರೆ?

"ಇದರ ದನಿ ಸಣ್ಣದು. ನಾನು ಆ ದೊಡ್ಡದು ಯಾಕೆ ತಗೊಂಡೆ ಹೇಳು? ನಿನ್ನ ಮಾತಿನ ಮೇಲೆ ಕೇಳಿಸಬೇಕಿತ್ತಲ್ಲ."

ಅಳಿಸಿ ಮತ್ತೆ ಬರೆದೆ: ನನ್ನ ದನಿ ಅಷ್ಟು ಜೋರಾ?

"ಜೋರಲ್ಲ. ಬಿಡುವಿಲ್ಲ." ನಗುತ್ತಲೇ ಹೇಳಿದರು. "ದೂರಲ್ಲ ಮಾರಾಯ್ತಿ. ನಂಗೆ ಅಭ್ಯಾಸ ಆಗಿತ್ತು, ಮಳೇಲಿ ಕೂತು ನುಡಿಸಿದ ಹಾಗೆ. ಆದ್ರೆ ಈ ಪುಟ್ಟದು ಮಳೇಲಿ ಕೇಳಿಸಲ್ಲ. ಹದಿನಾಲ್ಕನೇ ತಾರೀಖಿನ ತನಕ ನುಡಿಸ್ತೀನಿ. ಆಮೇಲೆ ವಾಪಸ್ ಕೊಟ್ಟುಬಿಡೋಣ. ಇಂಥದ್ದು ಗೋಡೆ ಮೇಲಿರಬಾರದು, ಪಾಪ."

ಮೂವತ್ತನಾಲ್ಕು ವರ್ಷದಲ್ಲಿ ಒಂದೇ ಸಲಕ್ಕೆ ಇಷ್ಟು ಮಾತು ಅವರು ಆಡಿದ್ದಿಲ್ಲ. ಆಡಿದ್ದು ಇದು.

ಮಾರ್ಚ್ ೨೮, ಶುಕ್ರವಾರ

ಮಳೆಯಂತೆ. ನಾನು ಮಳೆಯಂತೆ.

ಏಪ್ರಿಲ್ ೨, ಬುಧವಾರ

ಸಿಟ್ಟು ಇಳಿಯಲು ಐದು ದಿನ ಬೇಕಾಯಿತು. ಬಾಯಿದ್ದಿದ್ದರೆ ಐದು ನಿಮಿಷದಲ್ಲಿ ಇಳಿಯುತ್ತಿತ್ತು.

ನಮ್ಮವರು ದಿನಾ ನುಡಿಸುತ್ತಾರೆ. ಆ ಐದೂ ದಿನ ನಾನು ಸಿಟ್ಟಿನಿಂದಲೇ ನಿಂತು ಕೇಳಿದೆ. ಅವರು ನುಡಿಸುವುದರಲ್ಲಿ ಒಂದು ಕಡೆ ಎಡಗೈಯ ಕಿರುಬೆರಳು ಜಾರುತ್ತದೆ, ಪ್ರತಿಸಲವೂ ಅಲ್ಲೇ, ಜಾರಿದಾಗ ಮೂಗಿನಲ್ಲಿ "ಹ್ಞಂ" ಅನ್ನುತ್ತಾರೆ. ಇದು ಇಷ್ಟು ವರ್ಷದಿಂದ ಇತ್ತೋ ಈಗ ಶುರುವಾಯಿತೋ, ಕೇಳಲು ದಾರಿಯಿಲ್ಲ.

ಅಂಗಡಿಯ ಮೂರು ಶಟರಿನಲ್ಲಿ ನಡುವಿನದು ಏಳುವಾಗ ಬೇರೆ ಸ್ವರದಲ್ಲಿ ಏಳುತ್ತದೆ, ಎಣ್ಣೆ ಹಾಕಿಸಬೇಕು. ಚಿಪ್ಪಿನ ಗುಂಡಿ ತಟ್ಟೆಗೆ ಸುರಿದರೆ ಒಂದು ಸದ್ದು, ಮರದ ಗುಂಡಿಗೆ ಒಂದು ಸದ್ದು. ಕಣ್ಣು ಮುಚ್ಚಿ ಸುರಿದು ನೋಡಿದೆ, ಒಂದೂ ತಪ್ಪಾಗಲಿಲ್ಲ. ವ್ಯಾಪಾರಕ್ಕೆ ಇದರಿಂದ ಉಪಯೋಗವಿಲ್ಲ. ಸುಮ್ಮನೆ ಬರೆದೆ.

ಏಪ್ರಿಲ್ ೭, ಸೋಮವಾರ

ಅಕ್ಕ ಬೆಳಗ್ಗೆಯೇ ಬಂದಳು. ನಮ್ಮವರು ನುಡಿಸುತ್ತಿದ್ದರು. ಅಕ್ಕ ಅವಳ ಸೊಸೆಯ ಹೊಸ ಫ್ರಿಜ್ಜಿನ ವಿಷಯ ತೆಗೆದಳು. ಆ ಸಣ್ಣ ಸ್ವರ ಮುಗಿಯುವ ಜಾಗ, ನನಗೆ ಬಹಳ ಇಷ್ಟವಾದ ಜಾಗ, ಅದರ ಮೇಲೆ ಸರಿಯಾಗಿ ಫ್ರಿಜ್ಜು ತಂದಿಟ್ಟಳು. ನಾನು ಅವಳ ಬಾಯಿಗೆ ಅಂಗೈ ಅಡ್ಡ ಹಿಡಿದೆ.

"ನೀನು! ನೀನು ನನ್ನ ಬಾಯಿ ಮುಚ್ಚಿಸ್ತೀಯಾ?" ಅಂದಳು, ನನ್ನ ಬೆರಳಿನ ಸಂದಿಯಿಂದಲೇ. "ಏನಪ್ಪಾ, ನೋಡಿದ್ಯಾ ನಿನ್ನ ಹೆಂಡ್ತೀನ?"

ಅವರು ತಲೆ ಎತ್ತದೆ ನುಡಿಸುತ್ತಲೇ ಇದ್ದರು. ಕಿರುಬೆರಳು ಇವತ್ತು ಜಾರಲಿಲ್ಲ.

ಅಕ್ಕನಿಗೆ ಯಾವಾಗ ಸುಮ್ಮನಿರಬೇಕು ಅಂತ ಗೊತ್ತಾಗುವುದಿಲ್ಲ. ಮೊದಲಿಂದಲೂ ಹಾಗೇ.

ಏಪ್ರಿಲ್ ೧೩, ಭಾನುವಾರ

ನಾಳೆ ಹದಿನಾಲ್ಕು. ಮೊದಲು ಏನು ಮಾತಾಡಬೇಕು ಅಂತ ಪಟ್ಟಿ ಮಾಡಿದ್ದೇನೆ. ಝಿಪ್ಪಿನ ಏಜೆಂಟನಿಗೆ ಆರು ಮಾತು, ಅಕ್ಕನಿಗೆ ಹದಿನೆಂಟು, ನಮ್ಮವರಿಗೆ ಪುಟ ತುಂಬ.

ನಮ್ಮವರು ಗಿಟಾರನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯಲ್ಲಿಟ್ಟು ಬಾಗಿಲ ಹತ್ತಿರ ಒರಗಿಸಿದರು. ಚಿಪ್ಪಿನ ಚುಕ್ಕೆಯ ಮೇಲೆ ಹೆಬ್ಬೆರಳು ಒಂದು ಸಲ ನಿಂತದ್ದು ಕಂಡಿತು.

ನನ್ನ ದನಿ ಬಾರದಿದ್ದರೆ? ಅಂತ ಒಂದು ಕ್ಷಣ ಅನಿಸಿತು. ಹೆದರಿಕೆಯಿಂದ ಅಂತ ಬರೆಯೋಣ.

ಏಪ್ರಿಲ್ ೧೪, ಸೋಮವಾರ

ಡಾಕ್ಟರು ಗಂಟಲಿಗೆ ಪುಟ್ಟ ಕನ್ನಡಿ ಹಾಕಿ ನೋಡಿದರು. "ಆ ಅನ್ನಿ."

ಅಂದೆ. ಸ್ವಲ್ಪ ದಪ್ಪಗಾಗಿದೆ, ಆದರೆ ನನ್ನದೇ. ಕಣ್ಣಲ್ಲಿ ನೀರು ಬಂತು, ಬೆಳಕಿಗೆ.

"ಗೆದ್ರಿ ಕಣಮ್ಮ. ಇನ್ನು ಧಾರಾಳವಾಗಿ ಮಾತಾಡಿ. ಯಾವ ನಿರ್ಬಂಧವೂ ಇಲ್ಲ." ನಮ್ಮವರು ಪಕ್ಕದ ಕುರ್ಚಿಯಲ್ಲೇ ಇದ್ದರು. ಡಾಕ್ಟರು ಅವರ ಕಡೆ ತಿರುಗಿ, "ಏನೂ ನಿರ್ಬಂಧ ಇಲ್ಲ" ಅಂತ ಇನ್ನೊಂದು ಸಲ ಹೇಳಿದರು.

ಬಸ್ಸಿನಲ್ಲಿ ಮಾತಾಡಿದೆ. ಕಂಡಕ್ಟರಿಗೆ ಸಲಹೆ ಕೊಟ್ಟೆ. ಪಕ್ಕದವಳ ಅಂಗಿಯ ಗುಂಡಿ ಸಡಿಲವಾಗಿದ್ದದ್ದು ಹೇಳಿದೆ, ನಮ್ಮ ಅಂಗಡಿಯ ದಾರಿಯನ್ನೂ ಹೇಳಿದೆ. ಆಹಾ! ಒಣಗಿದ ಹೊಲಕ್ಕೆ ನೀರು ಬಿಟ್ಟ ಹಾಗಿತ್ತು. ನಮ್ಮವರು ಕಿಟಕಿ ಕಡೆ ನೋಡುತ್ತ ಎಲ್ಲದಕ್ಕೂ "ಹ್ಞೂಂ" ಅಂದರು.

ಮನೆಯಲ್ಲಿ ಅಕ್ಕ ಕಾದಿದ್ದಳು. ಬಾಗಿಲ ಹತ್ತಿರ ಗಿಟಾರಿನ ಪೆಟ್ಟಿಗೆ. ನಮ್ಮವರು ಚಪ್ಪಲಿಯನ್ನೂ ಬಿಡದೆ ಅದನ್ನು ಎತ್ತಿಕೊಂಡರು. "ಅಂಟಿನಮ್ಮ ಊಟಕ್ಕೆ ಹೋಗೋ ಮುಂಚೆ ಕೊಟ್ಟು ಬರ್ತೀನಿ" ಅಂದರು.

ಅಕ್ಕ ಎದ್ದು ಬಂದಳು. "ಏನಂದ್ರು ಡಾಕ್ಟರು? ಬಾಯಿ ಬಂತಾ?"

ಪಟ್ಟಿ ಕೈಚೀಲದಲ್ಲಿತ್ತು. ಅದರಲ್ಲಿ ಇಲ್ಲದ್ದು ಬಾಯಿಗೆ ಬಂತು. ಇಷ್ಟು ವರ್ಷದ ವ್ಯಾಪಾರ, ಸುಳ್ಳಿಗೆ ತಡವರಿಸುವವಳಲ್ಲ ನಾನು.

"ಬಂತು. ಆದ್ರೆ ಪೂರ್ತಿ ಬಿಡುಗಡೆ ಇಲ್ವಂತೆ. ಬೆಳಗ್ಗೆ ಆರರಿಂದ ಏಳರ ತನಕ ಒಂದು ಮಾತೂ ಆಡಬಾರದಂತೆ. ದಿನಾ. ಜೀವನಪೂರ್ತಿ."

"ಅದ್ಯಾವ ಡಾಕ್ಟರೇ, ಗಡಿಯಾರ ನೋಡ್ಕೊಂಡು ಔಷಧಿ ಕೊಡೋದು?" ಅಕ್ಕ ನಂಬಲಿಲ್ಲ. ನಮ್ಮವರ ಕಡೆ ತಿರುಗಿದಳು. "ಏನಪ್ಪಾ, ನೀನೂ ಅಲ್ಲೇ ಇದ್ಯಲ್ಲ. ನಿಜವಾ?"

ಅವರು ನನ್ನನ್ನು ನೋಡಿದರು. ಮೀಟರ್ ಓದುವ ಹಾಗೆ, ನಿಧಾನವಾಗಿ. ಪೆಟ್ಟಿಗೆಯನ್ನು ಕೆಳಗಿಟ್ಟರು. ಚಪ್ಪಲಿ ಬಿಟ್ಟರು.

"ಹೌದಕ್ಕ" ಅಂದರು. "ನಾನೂ ಕೇಳಿಸ್ಕೊಂಡೆ."

ಏಪ್ರಿಲ್ ೧೫, ಮಂಗಳವಾರ

ಆರರಿಂದ ಏಳು: ಡಾಕ್ಟರ ಅಪ್ಪಣೆಯಂತೆ ಮೌನ. ಏಳಕ್ಕೆ ಸರಿಯಾಗಿ ಮಾತು ಶುರು ಮಾಡುವುದು ಅಂತ ಒಲೆಯ ಮುಂದೆ ಸಿದ್ಧವಾಗಿ ನಿಂತಿದ್ದೆ. ಹೇಳುವುದು ಬಹಳ ಇತ್ತು.

ಗಡಿಯಾರ ನೋಡಿದಾಗ ಏಳೂ ಇಪ್ಪತ್ತೈದು. ಇಪ್ಪತ್ತೈದು ನಿಮಿಷದ ಮಾತು ನಷ್ಟ. ಈ ನಷ್ಟ ಯಾರ ಖಾತೆಗೆ ಬರೆಯುವುದೋ ತಿಳಿಯಲಿಲ್ಲ, ಬಿಟ್ಟಿದ್ದೇನೆ.